ಟಿಕೋಟಾದ ಬಾಡಿಗೆದಾರ, ಬಬಲೇಶ್ವರದ ಅಳಿಯ

ಎರಡು ಊರುಗಳಲ್ಲಿ ಅನ್ನ ಹುಟ್ಟಿಸಿಕೊಳ್ಳುವವನಿಗೆ ನಿಜ ಹೇಳುವ ಅವಕಾಶ ಬಹಳ ಕಡಿಮೆ. ಒಂದೇ ಊರಿನಲ್ಲಿ ನೌಕರಿ ಮಾಡುವವರು ಪುಣ್ಯವಂತರು. ಅವರು ಆ ಊರನ್ನು ಮನಸಾರೆ ಬೈಯಬಹುದು. ಬೈದರೂ ಊರಿನವರು ‘ನಮ್ಮಾಂವನ ಬೈತಾನ, ಬೈಲಿ ಬಿಡು’ ಎಂದು ಸುಮ್ಮನಿರುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಾನು ಕನ್ನಡದ ಅತಿಥಿ ಉಪನ್ಯಾಸಕ. ಸೋಮವಾರದಿಂದ ಬುಧವಾರದವರೆಗೆ ಟಿಕೋಟಾದ ಒಂದು ಕಾಲೇಜಿನಲ್ಲಿ, ಗುರುವಾರದಿಂದ ಶನಿವಾರದವರೆಗೆ ಬಬಲೇಶ್ವರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎರಡೂ ಊರಿನವರು ನನಗೆ ಅರ್ಧರ್ಧ ಕೆಲಸ ಕೊಟ್ಟು ಪೂರ್ತಿ ಅಭಿಮಾನ ಬಯಸುತ್ತಾರೆ. ಟಿಕೋಟಾದ ಚಹಾದಂಗಡಿಯಲ್ಲಿ ಯಾರಾದರೂ, ‘ಸರ, ಆ ಬಬಲೇಶ್ವರದ ಬಿಸಲಾಗ ಹೆಂಗ ತಾಳ್ತೀರಿ?’ ಎಂದು ಕೇಳಿದರೆ ನಾನು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡು, ‘ಏನ ಮಾಡೂದ್ರಿ, ಹೊಟ್ಟಿಪಾಡು’ ಎನ್ನುತ್ತೇನೆ. ಗುರುವಾರ ಬಬಲೇಶ್ವರದ ಚಹಾದಂಗಡಿಯಲ್ಲಿ, ‘ಟಿಕೋಟಾದಾಗ ಬರೇ ಗಾಳಿ, ಧೂಳ, ಹೌದಲ್ರಿ?’ ಎಂದರೆ ಅದೇ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಳ್ಳುತ್ತೇನೆ. ಎರಡೂ ಊರಿನ ನಡುವೆ ಒಂದು ತಾಸಿನ ಹಾದಿಯೂ ಇಲ್ಲ, ಎರಡರ ಮೇಲೂ ಇರುವವನು ಅದೇ ಸೂರ್ಯ. ಆದರೆ ಎರಡೂ ಈಚೆಗೆ ತಾಲ್ಲೂಕು ಕೇಂದ್ರಗಳಾದ ಊರುಗಳು. ಹೊಸದಾಗಿ ತಾಲ್ಲೂಕಾದ ಊರು ಹೊಸದಾಗಿ ಮೀಸೆ ಬಂದ ಹುಡುಗನ ಹಾಗೆ, ಪಕ್ಕದವನ ಮೀಸೆಯ ಮೇಲೆ ಅದಕ್ಕೆ ಯಾವಾಗಲೂ ಒಂದು ಕಣ್ಣಿರುತ್ತದೆ.

ನಾವು ಇದ್ದದ್ದು ವಿಜಯಪುರದಲ್ಲಿ, ಹಳೆಯ ಓಣಿಯೊಂದರ ಬಾಡಿಗೆ ಮನೆಯಲ್ಲಿ. ಅದೂ ಒಂದು ರೀತಿಯಲ್ಲಿ ಒಳ್ಳೆಯದೇ ಆಗಿತ್ತು, ಎರಡೂ ಊರಿಗೆ ಸಮಾನ ಅನ್ಯಾಯ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಿಂತು ಇವತ್ತು ವಾರ ಯಾವುದು ಎಂದು ನೆನಪು ಮಾಡಿಕೊಂಡು ಬಸ್ಸು ಹತ್ತಬೇಕಾಗಿತ್ತು, ಅಷ್ಟೇ ಕಷ್ಟ. ಒಮ್ಮೆ ಹಬ್ಬದ ರಜೆ ಮುಗಿದ ಮೇಲೆ ವಾರ ತಪ್ಪಿ, ಗುರುವಾರ ಟಿಕೋಟಾ ಬಸ್ಸು ಹತ್ತಿ, ಕಾಲೇಜಿಗೆ ಹೋಗಿ, ಯಾರದೋ ಅರ್ಥಶಾಸ್ತ್ರದ ತರಗತಿಯಲ್ಲಿ ಹಳಗನ್ನಡ ಶುರುಮಾಡಿದ್ದೆ. ಹುಡುಗರು ತಲೆ ಬಗ್ಗಿಸಿ ಬರೆದುಕೊಂಡರು. ತಿಳಿಯದ ವಿಷಯಗಳಲ್ಲಿ ಅವರು ಭೇದ ಮಾಡುವುದಿಲ್ಲ.

ನನ್ನ ಹೆಂಡತಿ ಹಸೀನಾ ಮನೆಯಲ್ಲಿಯೇ ಬ್ಲೌಸು ಹೊಲಿಯುತ್ತಾಳೆ. ಒಬ್ಬಳೇ ಮಗಳು ಧಾರವಾಡದಲ್ಲಿ ಓದುತ್ತಾಳೆ. ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ಹಸೀನಾ ಹಳ್ಳಿಯಲ್ಲಿ ಬೆಳೆದವಳು; ಪ್ರೀತಿ ಬಂದರೆ ಉರ್ದು, ಸಿಟ್ಟು ಬಂದರೆ ಕನ್ನಡ. ಹೀಗಾಗಿ ಈ ಪ್ರಬಂಧದಲ್ಲಿ ಅವಳು ನನಗೆ ಆಡುವ ಮಾತುಗಳನ್ನು ಅನುವಾದ ಮಾಡುವ ಪ್ರಸಂಗ ಬಹುತೇಕ ಬಂದಿಲ್ಲ.

ಹೋದ ವರ್ಷ ದಸರೆ ಮುಗಿದ ಮೇಲೆ ಮನೆಯ ಮಾಲೀಕರು ಬಂದು, ಹಳೆಯ ಮನೆ ಕೆಡವಿ ಮಹಡಿಯ ಮೇಲೆ ಮಹಡಿ ಕಟ್ಟಿಸುವ ವಿಚಾರ ಹೇಳಿದರು. ‘ಸಂಕ್ರಮಣದೊಳಗ ಖಾಲಿ ಮಾಡಿಕೊಟ್ರ ಬಹಳ ಉಪಕಾರ ಆಗತೈತ್ರಿ ಸರ’ ಎಂದರು. ಮನೆ ಬಿಡು ಎಂದು ಇಷ್ಟು ನಯವಾಗಿ ಹೇಳಿದವರ ಎದುರು ಜಗಳ ಮಾಡಲು ಬಾಯಿಯೇ ಬರುವುದಿಲ್ಲ. ಶಹರದಲ್ಲಿ ಬೇರೆ ಮನೆ ಹುಡುಕಿದೆ. ಕೇಳಿದ ಬಾಡಿಗೆಗಳು ಅತಿಥಿ ಉಪನ್ಯಾಸಕನಿಗೆ ಹೇಳುವಂಥವಲ್ಲ, ಯಜಮಾನನಿಗೆ ಹೇಳುವಂಥವು. ಹಾಗಾದರೆ ಎರಡು ಊರುಗಳಲ್ಲಿ ಒಂದಕ್ಕೆ ಹೋಗಿಬಿಡುವುದು ಎಂದು ತೀರ್ಮಾನವಾಯಿತು. ವಾರದಲ್ಲಿ ಮೂರು ದಿನವಾದರೂ ಬಸ್ಸಿನ ತಂಟೆ ತಪ್ಪುತ್ತದೆ. ಯಾವ ಊರು ಎಂಬುದೊಂದು ಉಳಿಯಿತು.

ಹೋಲಿಸುವುದು ನನಗೆ ಮೊದಲಿನಿಂದ ಇರುವ ಕಾಯಿಲೆ. ಎರಡು ಬದನೆಕಾಯಿ ಕೈಯಲ್ಲಿ ಹಿಡಿದು ಸಂತೆ ಎದ್ದುಹೋಗುವ ತನಕ ನಿಂತವನು ನಾನು. ಈಗಂತೂ ಎರಡು ಊರುಗಳೇ ಕೈಗೆ ಸಿಕ್ಕಿದ್ದವು. ಊಟಕ್ಕೆ ಕೂತಾಗಲೆಲ್ಲ ಹಸೀನಾಳ ಮುಂದೆ ಟಿಕೋಟಾದ ಗುಣ, ಬಬಲೇಶ್ವರದ ಗುಣ ಬಿಡಿಸಿ ಬಿಡಿಸಿ ಹೇಳತೊಡಗಿದೆ. ಅವಳು ಒಂದು ದಿನ ಪೂರ್ತಿ ಕೇಳಿದಳು, ಎರಡನೆಯ ದಿನ ಅರ್ಧ ಕೇಳಿದಳು, ಮೂರನೆಯ ದಿನ ಕನ್ನಡಕ್ಕೆ ಬಂದಳು. ‘ನನಗ ಮಷೀನ್ ಇಡಾಕ ಬೆಳಕಿನ ಕಿಟಕಿ ಒಂದ ಇರಲಿ. ಮಾತಾಡಾಕ ಬಾಜೂಕ ಒಬ್ಬಾಕಿ ಹೆಣ್ಣಮಗಳಿರಲಿ. ಊರ ಯಾವದರ ಆಗಲಿ, ಮೊದಲ ಊಟ ಮುಗಸ್ರಿ.’ ಇಷ್ಟು ದೊಡ್ಡ ವಿಷಯವನ್ನು ಹೀಗೆ ಎರಡು ಮಾತಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಕನಿಕರವಾಗುತ್ತದೆ.

ನಿಜವಾಗಿ ನೋಡಿದರೆ ಎರಡೂ ಊರು ನನಗೆ ಇಷ್ಟವೇ. ಟಿಕೋಟಾದವರು ದ್ರಾಕ್ಷಿಯ ಮಂದಿ. ಚಳಿಗಾಲ ಮುಗಿಯುವ ಹೊತ್ತಿಗೆ ಹುಡುಗರ ಚೀಲದಲ್ಲಿ ಪುಸ್ತಕಕ್ಕಿಂತ ದ್ರಾಕ್ಷಿಯೇ ಹೆಚ್ಚಿರುತ್ತದೆ. ಹಾಜರಿ ಕಡಿಮೆ ಇದ್ದವನು ತರುವ ಗೊಂಚಲು ದೊಡ್ಡದಿರುತ್ತದೆ. ಅಲ್ಲಿಯ ಜನ ಆಕಾಶ ನೋಡುತ್ತ ಮಾತಾಡುತ್ತಾರೆ. ಮೊದಮೊದಲು ನನಗೆ ಇವರು ನನ್ನ ಮಾತಿಗೆ ಬೇಸತ್ತಿದ್ದಾರೆ ಅನ್ನಿಸುತ್ತಿತ್ತು, ಮೋಡ ನೋಡುತ್ತಿದ್ದಾರೆ ಎಂದು ಆಮೇಲೆ ತಿಳಿಯಿತು. ಬಬಲೇಶ್ವರದವರು ಕಬ್ಬಿನ ಮಂದಿ. ಅಲ್ಲಿಯ ಚಹಾದಲ್ಲಿ ಚಮಚೆ ನಿಲ್ಲಿಸಿದರೆ ನಿಂತೇ ಇರುತ್ತದೆ, ಅಷ್ಟು ಸಕ್ಕರೆ. ಟಿಕೋಟಾದಲ್ಲಿ ದಾರಿಯಲ್ಲಿ ಸಿಕ್ಕವರು ‘ಎಲ್ಲಿಗಿ ಹೊಂಟೀರಿ ಸರ?’ ಎಂದು ಕೇಳುತ್ತಾರೆ. ಬಬಲೇಶ್ವರದವರು ಕೇಳುವುದಿಲ್ಲ, ‘ಪೋಸ್ಟ ಆಫೀಸಿಗಿ ಹೊಂಟೀರೇನ, ಇವತ್ತ ಸೂಟಿ ಐತಿ’ ಎಂದು ಅವರೇ ಹೇಳಿ ತಿರುಗಿಸಿ ಕಳಿಸುತ್ತಾರೆ. ಬಬಲೇಶ್ವರದ ಸಂತೆಯ ದಿನ ತರಗತಿಯಲ್ಲಿ ಯಾರೂ ಇರುವುದಿಲ್ಲ. ಒಮ್ಮೆ ನಾನೂ ಸಂತೆಗೆ ಹೋದರೆ ಇಡೀ ಎರಡನೆಯ ವರ್ಷದ ತರಗತಿ ಅಲ್ಲಿ ಮೆಂತ್ಯೆಪಲ್ಲೆ ಮಾರುತ್ತ ಕೂತಿತ್ತು. ನನ್ನನ್ನು ಕಂಡು ಒಬ್ಬನೂ ಗಾಬರಿಯಾಗಲಿಲ್ಲ. ನನ್ನ ಚೀಲದಲ್ಲಿ ನಾಲ್ಕು ಸಿವುಡು ಸೊಪ್ಪು ಹೆಚ್ಚಿಗೆ ಬಿದ್ದವು.

ಮೊದಲು ಟಿಕೋಟಾದಲ್ಲಿ ಮನೆ ನೋಡಿದೆ. ಮಾಲೀಕರು ಲಾಲಸಾಬ ಚಾಚಾ, ಒಣದ್ರಾಕ್ಷಿಯ, ಅಲ್ಲಿಯವರ ಮಾತಿನಲ್ಲಿ ಮಣೂಕದ, ವ್ಯಾಪಾರಿ. ನಮ್ಮವರೇ ಆದರೂ ವ್ಯಾಪಾರದ ಮಾತು ಬಂದ ಕೂಡಲೇ ಅವರು ಉರ್ದುವನ್ನು ಮಡಚಿಟ್ಟು ಕನ್ನಡಕ್ಕೆ ಬರುತ್ತಾರೆ. ಅವರ ಮನೆಗೆ ಅಂಟಿಕೊಂಡೇ ಬಾಡಿಗೆ ಮನೆ, ಹಿಂದೆ ದ್ರಾಕ್ಷಿ ಒಣಗಿಸುವ ಶೆಡ್ಡು. ಮನೆ ಚೆನ್ನಾಗಿತ್ತು. ಮೂರು ಕೋಣೆಗಳಲ್ಲಿ ಒಂದಕ್ಕೆ ಬೀಗ ಹಾಕಿತ್ತು. ‘ಅದರಾಗ ನಮ್ಮ ಮಣೂಕ ಇರತೈತ್ರಿ. ಅದಕ್ಕ ನೀವು ಬಾಡಿಗಿ ಕೊಡೂದ ಬ್ಯಾಡ, ವಾಸನಿ ಪುಕ್ಕಟ’ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ‘ಇನ್ನೊಂದ ಕರಾರ ಐತ್ರಿ ಸರ. ಮಣೂಕ ಒಣಗೂ ಹೊತ್ತಿನ್ಯಾಗ ಮಳಿ ಬಂತಂದ್ರ ನೀವೂ ಬಂದ ತಾಡಪತ್ರಿ ಹಿಡೀಬೇಕು’ ಎಂದರು. ಮಳೆಯಲ್ಲಿ ಟಾರ್ಪಾಲು ಹೊದಿಸುವ ಇಂಥ ಕಲಮು ಬಾಡಿಗೆ ಕರಾರಿನಲ್ಲಿ ನಾನು ಎಲ್ಲಿಯೂ ಕೇಳಿರಲಿಲ್ಲ. ವಿಜಯಪುರ ಜಿಲ್ಲೆಯಲ್ಲಿ ಮಳೆ ಬರುವುದೆಂದರೆ ಬಾಕಿ ಸಂಬಳ ಬಂದಂತೆ, ಇದಕ್ಕೇನು ಹೆದರುವುದು ಎಂದುಕೊಂಡು ತಲೆ ಅಲ್ಲಾಡಿಸಿದೆ. ಆದರೆ ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ. ಇನ್ನೊಂದು ಬದನೆಕಾಯಿ ನೋಡುವುದಿತ್ತಲ್ಲ.

ಬಬಲೇಶ್ವರದ ಮನೆ ನೋಡಿದ ಕೂಡಲೇ ಹೋಲಿಕೆ ಮುಗಿಯಿತು. ಈರಪ್ಪ ಕಾಕಾ ಮತ್ತು ಗೌರವ್ವ ಕಾಕು ಎಂಬ ವಯಸ್ಸಾದ ಗಂಡ ಹೆಂಡತಿ, ತಮ್ಮ ಮನೆಯ ಹಿತ್ತಿಲಲ್ಲಿ ಹೊಸದಾಗಿ ಕಟ್ಟಿಸಿದ್ದ ಎರಡು ಕೋಣೆಯ ಮನೆ. ಪೂರ್ವಕ್ಕೆ ದೊಡ್ಡ ಕಿಟಕಿ. ಅಂಗಳದಲ್ಲಿ ಬೇವಿನ ಗಿಡ, ಕಟ್ಟೆ. ಕಾಲೇಜಿಗೆ ಹೋಗಲು ಚಪ್ಪಲಿ ಸವೆಯದಷ್ಟು ದೂರ. ಬಾಡಿಗೆಯೂ ನನ್ನ ಯೋಗ್ಯತೆಗೆ ತಕ್ಕಂತೆ ಇತ್ತು. ಈರಪ್ಪ ಕಾಕಾ, ‘ಸಂಭಾಯಿತ ಮಂದಿ, ಸಾಲಿ ಕಲಿಸಾವರು, ನಮಗಿನ್ನೇನ ಬೇಕು’ ಎಂದರು. ಅಡ್ವಾನ್ಸಿನ ಹಣ ಜೇಬಿನಲ್ಲಿಯೇ ಇತ್ತು. ಅಲ್ಲಿಯೇ ಕೊಟ್ಟಿದ್ದರೆ ಈ ಪ್ರಬಂಧ ಬರೆಯುವ ಪಾಳಿ ಬರುತ್ತಿರಲಿಲ್ಲ. ಆದರೆ ಹೆಂಡತಿಗೆ ತೋರಿಸದೆ ಮನೆ ಹಿಡಿದವರ ಗತಿ ನಾನು ಬಲ್ಲೆ. ಒಮ್ಮೆ ಆಕೆ ನೋಡಿಬಿಡಲಿ, ಆಮೇಲೆ ಕೊಡುತ್ತೇನೆ ಎಂದೆ.

ಮುಂದಿನ ಗುರುವಾರ ಹಸೀನಾಳನ್ನು ಕರೆದುಕೊಂಡು ಹೋದೆ. ಅವಳು ಕಿಟಕಿಯ ಹತ್ತಿರ ನಿಂತು ಬೆಳಕು ಎಷ್ಟು ಹೊತ್ತು ಇರುತ್ತದೆ ಎಂದು ಅಂದಾಜು ಮಾಡುತ್ತಿದ್ದಳು. ಗೌರವ್ವ ಕಾಕು ಚಹಾ ತಂದಿಟ್ಟು, ನಮ್ಮ ಕಡೆಯ ಮೊದಲನೆಯ ಪ್ರಶ್ನೆ ಕೇಳಿದರು.

‘ತವರ ಮನಿ ಯಾವೂರವಾ ನಿಂದು?’

‘ಕಾಖಂಡಕಿ ಬೇ’ ಎಂದಳು ಹಸೀನಾ.

ಗೌರವ್ವ ಕಾಕುನ ಕೈಯಲ್ಲಿದ್ದ ಚಹಾದ ಬಸಿ ಹಾಗೇ ನಿಂತಿತು. ‘ಕಾಖಂಡಕಿ? ಕಾಖಂಡಕ್ಯಾಗ ಯಾರ ಮಗಳು?’

ಹಸೀನಾ ತನ್ನ ಅಪ್ಪನ ಹೆಸರು ಹೇಳಿದಳು. ಕಾಕು ಬಸಿ ಕೆಳಗಿಟ್ಟರು. ‘ದೊಡ್ಡ ಬಾವಿ ಬಾಜೂಕ ಟೇಲರ್ ಹುಸೇನಸಾಬನ ಮಗಳೇನ ನೀನು? ನನ್ನ ಲಗ್ನದ ಕುಬಸಾ ಹೊಲದಾಂವ ಅವನ ಅಲ್ಲೇನ. ನಾನೂ ಕಾಖಂಡಕಿ ಮಗಳ ಅದೀನವಾ.’ ಆಮೇಲೆ ಇಬ್ಬರೂ ಕೂಡಿ ಕಾಖಂಡಕಿಯನ್ನು ಓಣಿ ಓಣಿಯಾಗಿ ಅಲ್ಲಿಯೇ ಮತ್ತೆ ಕಟ್ಟಿದರು. ಯಾರ ಎಮ್ಮೆ ಯಾರನ್ನು ಹಾಯುತ್ತಿತ್ತು, ಯಾರ ಮನೆಯ ಹುಣಸೆ ಯಾರು ಕದಿಯುತ್ತಿದ್ದರು, ಎಲ್ಲ ಬಂತು. ಈರಪ್ಪ ಕಾಕಾ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡುತ್ತ ತಣ್ಣಗಾದ ಚಹಾ ಕುಡಿದೆವು. ಕಡೆಗೆ ಕಾಕು, ‘ಈಗ ಅಲ್ಲಿ ಯಾರ ಅದಾರವಾ?’ ಎಂದು ಕೇಳಿದರು. ‘ಯಾರೂ ಇಲ್ಲ ಬೇ. ಅವ್ವ ಅಪ್ಪ ಹೋದ ಮ್ಯಾಲ ಅಣ್ಣ ಮನಿ ಮಾರಿ ಸೊಲ್ಲಾಪುರಕ್ಕ ಹ್ವಾದ. ನಾ ಹೋಗಿ ಭಾಳ ವರ್ಸಾತು’ ಎಂದಳು ಹಸೀನಾ. ಇದನ್ನು ಅವಳು ಯಾವಾಗ ಹೇಳಿದರೂ ಬಸ್ಸಿನ ವೇಳೆ ಹೇಳಿದ ಹಾಗೆ ಹೇಳುತ್ತಾಳೆ.

ಹೊರಡಲು ಎದ್ದಾಗ ಗೌರವ್ವ ಕಾಕು ತಡೆದರು. ‘ನಮ್ಮೂರ ಹೆಣ್ಣಮಗಳು ಮೊದಲ ಸಲ ನನ್ನ ಹೊಸ್ತಲಾ ದಾಟ್ಯಾಳ. ಬರಿ ಉಡೀಲೆ ಹೆಂಗ ಕಳಸಲಿ?’ ಎನ್ನುತ್ತ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಉತ್ತತ್ತಿ, ಅರಿಷಿಣದ ಬೇರು, ಮೇಲೊಂದು ಹಸಿರು ಖಣ ಇಟ್ಟುಕೊಂಡು ಬಂದರು. ಹಸೀನಾ ಸೆರಗು ಒಡ್ಡಿ ನಿಂತಳು. ಕಾಕು ಕುಂಕುಮದ ಭರಣಿ ಎತ್ತಿಕೊಂಡವರು ಒಂದು ಗಳಿಗೆ ನಿಂತು, ಅದನ್ನು ಕೆಳಗಿಟ್ಟು, ಅಂಗಳದ ಸೇವಂತಿಗೆ ಹರಿದು ತಂದು ಮುಡಿಸಿದರು. ಉಡಿ ತುಂಬಿ, ಅವಳ ಕೆನ್ನೆ ಸವರಿ, ಬೆರಳು ನೆಟಿಗೆ ಮುರಿದುಕೊಂಡರು. ಮರಳಿ ಬರುವಾಗ ಬಸ್ಸಿನ ತುಂಬ ಹಸೀನಾ ಕಿಟಕಿಯ ಹೊರಗೆ ನೋಡುತ್ತ ಅಳುತ್ತಿದ್ದಳು, ಮಡಿಲಿನಲ್ಲಿ ಆ ಉಡಿಯ ಗಂಟು ಹಾಗೇ ಇತ್ತು. ನಾನು ಸಮಾಧಾನ ಮಾಡಲು, ‘ಕಿಟಕಿ ಅಂತೂ ಭಾಳ ಛಲೋ ಐತಿ’ ಎಂದೆ. ಇಂಥ ಸಮಯದಲ್ಲಿ ನನ್ನ ಬಾಯಿಂದ ಬರುವ ಮಾತುಗಳೆಲ್ಲ ಇದೇ ತರಗತಿಯವು.

ಮರುದಿನ ಶುಕ್ರವಾರ. ಪಾಠ ಮುಗಿಸಿ ಅಡ್ವಾನ್ಸು ಕೊಡಲು ಹೋದೆ. ಈರಪ್ಪ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಎದ್ದು ನಿಂತು, ‘ಬರ್ರಿ, ಬರ್ರಿ’ ಎಂದು ಕೈಕಾಲಿಗೆ ನೀರು ತರಿಸಿದರು. ಹಿಂದಿನ ವಾರ ಈ ನೀರು ಇರಲಿಲ್ಲ. ನನಗೆ ಸ್ವಲ್ಪ ಸಂಶಯ ಬಂತು.

‘ಕಾಕಾ, ಅಡ್ವಾನ್ಸ್ ತಂದೀನ್ರಿ’ ಎಂದೆ.

‘ಯಾತರದು?’

‘ಮನೀದು.’

ಕಾಕಾ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ‘ಸರ, ನೀವು ಕಲಿತಾವರು. ನೀವ ಹೇಳ್ರಿ. ನಮ್ಮ ಮನ್ಯಾಕಿ ನಿಮ್ಮ ಮನ್ಯಾವರಿಗೆ ಉಡಿ ತುಂಬ್ಯಾಳ. ಮಗಳಾದಳು. ಮಗಳ ಕಡಿಂದ ಬಾಡಿಗಿ ಇಸಗೊಂಡ್ರ ಮಂದಿ ನನ್ನ ಮಾರಿ ಮ್ಯಾಲ ಉಗಳಂಗಿಲ್ಲೇನ್ರಿ?’

‘ಆಕಿ ಕೊಡಂಗಿಲ್ಲಲ್ರಿ ಕಾಕಾ, ಬಾಡಿಗಿ ಕೊಡಾಂವ ನಾನು.’

‘ನೀವು ಆಕಿ ಗಂಡ. ಅಂದ್ರ ಅಳ್ಯಾ ಆದ್ರಿ. ಅಳಿಯನ ಕಡಿಂದ ಇಸಗೊಂಡ್ರಂತೂ ಮುಗದ ಹೋತು.’

ನಾನು ನಗುತ್ತಲೇ, ಆದರೆ ಒಳಗೊಳಗೆ ಒಂದಿಷ್ಟು ಆಸೆಯಿಂದಲೇ, ‘ಹಂಗಾರ ಪುಕ್ಕಟ ಇರತೇವಿ ಬಿಡ್ರಿ’ ಎಂದೆ. ಕಾಕಾ ನಗಲಿಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿದರು. ‘ಮಾವನ ಮನ್ಯಾಗ ಪುಕ್ಕಟ ಇರಾಂವಗ ಮನಿ ಅಳ್ಯಾ ಅಂತಾರ್ರಿ. ಕಾಲೇಜಿನ್ಯಾಗ ಪಾಠಾ ಹೇಳಾವರು ನೀವು, ಹುಡುಗೂರ ಮುಂದ ನಿಮ್ಮ ಮರ್ಯಾದಿ ಏನ ಉಳದೀತು? ನಿಮ್ಮ ಸಲುವಾಗಿನ ಹೇಳಾಕತ್ತೀನಿ.’ ಹೆಂಡತಿಯ ತವರಿನಲ್ಲಿ ಬೀಡುಬಿಟ್ಟ ಅಳಿಯನಿಗೆ ನಮ್ಮ ಕಡೆ ಇರುವ ಬೆಲೆ ನನಗೂ ಗೊತ್ತು. ಅವನು ಕೆಮ್ಮಿದರೂ ತಪ್ಪು. ಒಂದು ಕೊನೆಯ ಪ್ರಯತ್ನ ಮಾಡಿದೆ. ‘ಉಡಿ ತುಂಬೂಕಿಂತ ಮೊದಲ ಅಡ್ವಾನ್ಸ್ ಕೊಟ್ಟಿದ್ರ?’ ಕಾಕಾ ಬಹಳ ಪ್ರಾಮಾಣಿಕವಾಗಿ ವಿಚಾರ ಮಾಡಿ, ‘ಆಗ ಮಾತ ಬ್ಯಾರೆ ಇತ್ತು ಬಿಡ್ರಿ’ ಎಂದರು. ಒಳಗಿನಿಂದ ಗೌರವ್ವ ಕಾಕು ಊಟಕ್ಕೆ ಕರೆದರು. ಮನೆ ಕೊಡದವರ ಮನೆಯಲ್ಲಿ ಹೋಳಿಗೆ ಊಟ ಮಾಡಿದವನು ನಾನೊಬ್ಬನೇ ಇರಬೇಕು. ಎರಡು ಊರುಗಳನ್ನು ಎಲ್ಲ ರೀತಿಯಿಂದ ಅಳೆದು ತೂಗಿ ಆರಿಸಿದ ಮನೆ, ಜನ ಒಳ್ಳೆಯವರಾಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಕೈಬಿಟ್ಟುಹೋಯಿತು.

ಹಸೀನಾಳಿಗೆ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಇನ್ನೂ ನಕ್ಕಳು. ಮನೆ ಹೋಯಿತಲ್ಲ ಎಂಬ ದುಃಖ ಅವಳಲ್ಲಿ ಹುಡುಕಿದರೂ ಸಿಗಲಿಲ್ಲ. ಸಂಕ್ರಮಣ ಹತ್ತಿರ ಬಂದಿತ್ತು. ನಾನು ಓಡಿಹೋಗಿ ಲಾಲಸಾಬ ಚಾಚಾನ ಕೈಯಲ್ಲಿ ಮೊದಲು ಅಡ್ವಾನ್ಸು ಇಟ್ಟು, ಅವರು ಎಣಿಸಿ ಜೇಬಿಗೆ ಹಾಕಿಕೊಂಡದ್ದನ್ನು ಕಣ್ಣಾರೆ ನೋಡಿ, ಆಮೇಲೆ ಹೆಂಡತಿಯನ್ನು ಕರೆದುಕೊಂಡು ಬಂದೆ. ಟಿಕೋಟಾದ ಕಾಲೇಜಿನಲ್ಲಿ ಜಯಭೇರಿ. ‘ಗೊತ್ತಿತ್ರಿ ಸರ, ನೀವ ಟಿಕೋಟಾನ ಆರಿಸ್ತೀರಂತ’ ಎಂದು ಇತಿಹಾಸದ ಸರ ಎಲ್ಲರಿಗೂ ಚಹಾ ಕುಡಿಸಿದರು. ನಾನು ಕರವಸ್ತ್ರ ತೆಗೆದು ಸುಮ್ಮನೆ ಮುಖ ಒರೆಸಿಕೊಂಡೆ.

ಬಬಲೇಶ್ವರದಲ್ಲಿ ಮಾತ್ರ ನನ್ನ ಬಾಳು ಪೂರ್ತಿ ಬದಲಾಯಿತು. ನನಗೆ ಮಾವ ಇಲ್ಲದೆ ಎಷ್ಟೋ ವರ್ಷಗಳಾಗಿದ್ದವು, ಆ ಸುಖ ನನಗೆ ರೂಢಿಯಾಗಿತ್ತು. ಈ ವಯಸ್ಸಿನಲ್ಲಿ ಹೊಸ ಮಾವ ಸಿಕ್ಕರು, ಅದೂ ವಾರದಲ್ಲಿ ಮೂರು ದಿನ ನಾನು ತಪ್ಪಿಸಿಕೊಳ್ಳಲಾಗದ ಊರಿನಲ್ಲಿ. ಗುರುವಾರ ಬಸ್ಸಿನಿಂದ ಇಳಿದ ಕೂಡಲೇ ಚಹಾದಂಗಡಿಯವನು, ‘ಈರಪ್ಪ ಕಾಕಾನ ಅಳ್ಯಾ ಬಂದ್ರು, ಕುರ್ಚಿ ಬಿಡೋ’ ಎನ್ನುತ್ತಾನೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹಾಗಿಲ್ಲ. ಅಳಿಯ ಊರಿನಲ್ಲಿದ್ದು ಡಬ್ಬಿ ಉಂಡರೆ ಮಾವನ ಮಾನ ಹೋಗುತ್ತದೆ. ಊಟಕ್ಕೆ ಕೂತರೆ ಕಾಕಾ ಎದುರಿಗೆ ಕೂತು, ಮಗಳ ತಬ್ಬೇತ ಹೆಂಗೈತಿ, ನೀರು ದೂರದಿಂದ ತರುತ್ತಾಳೋ ಹೇಗೆ, ಯಾಕೆ ಫೋನಿನಲ್ಲಿ ದನಿ ಸಣ್ಣಗಾಗಿತ್ತು ಎಂದು ಒಂದೊಂದಾಗಿ ಕೇಳುತ್ತಾರೆ. ಟಿಕೋಟಾವನ್ನು ಬೈಯುವ ನನ್ನ ಹಳೆಯ ಸವಲತ್ತು ಹೋಯಿತು. ಅಲ್ಲಿ ಗಾಳಿ ಜಾಸ್ತಿ ಎಂದು ಬಾಯಿ ತಪ್ಪಿ ಅಂದರೆ ಒಂದು ತಾಸಿನೊಳಗೆ ಅದು ಈರಪ್ಪ ಕಾಕಾನ ಕಿವಿಗೆ ಹೋಗಿ, ‘ನಮ್ಮ ಮಗಳನ್ನ ಗಾಳ್ಯಾಗ ಇಟ್ಟಾರಂತ’ ಎಂದಾಗುತ್ತದೆ.

ದ್ರಾಕ್ಷಿ ಒಣಗಲು ಹಾಕಿದ ದಿನಗಳಲ್ಲಿ ಒಂದು ಸಂಜೆ, ಯಾರೂ ಕರೆಯದ ಮಳೆ ಬಂತು. ಮೊದಲು ಗಾಳಿ, ಹಿಂದೆಯೇ ದಪ್ಪ ಹನಿ. ಹಿಂದಿನಿಂದ ಲಾಲಸಾಬ ಚಾಚಾ, ‘ಸರ, ಬರ್ರಿ’ ಎಂದು ಕೂಗಿದರು. ನಾನು ಹುಡುಗರ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅವು ಹಾರಿಹೋದರೆ ಹುಡುಗರ ಭವಿಷ್ಯವೇನು ಎಂದು ವಿಚಾರ ಮಾಡಿ, ‘ಬಂದೆ ಬಂದೆ’ ಎನ್ನುತ್ತ ಅವುಗಳ ಮೇಲೆ ತಂಬಿಗೆ ಇಟ್ಟು, ಕಿಟಕಿ ಹಾಕಿ, ಚಪ್ಪಲಿ ಹುಡುಕಿದೆ. ಚಪ್ಪಲಿ ಸಿಗುವ ಹೊತ್ತಿಗೆ ಮಳೆ ನಿಂತಿತ್ತು. ಹಸೀನಾ ಬಾಗಿಲಲ್ಲಿ ಬಂದು ನಿಂತಳು. ಅಡಿಯಿಂದ ಮುಡಿಯವರೆಗೆ ತೊಯ್ದಿದ್ದಳು, ಅಂಗೈ ಹಗ್ಗ ಜಗ್ಗಿ ಕೆಂಪಾಗಿತ್ತು. ಕನ್ನಡ ಶುರುವಾಯಿತು. ‘ತಾಡಪತ್ರಿ ಹಿಡಿತೀನಂತ ತಲಿ ಅಳ್ಳಾಡಿಸಿ ಬಂದಾವರು ಯಾರು? ಹಿಡಿದಾಕಿ ಯಾರು? ಆ ಪೇಪರ ತೊಯ್ದಿದ್ರ ಹುಡುಗೂರು ನಿಮಗ ಕೈ ಮುಗೀತಿದ್ರು.’ ನಾನು ಏನೋ ಹೇಳಲು ಹೋದೆ. ಅವಳು ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತ, ‘ನಾಳಿಗಿ ನಾ ನಮ್ಮೂರಿಗಿ ಹೊಕ್ಕೀನಿ’ ಎಂದಳು.

ಇಷ್ಟು ವರ್ಷಗಳ ಸಂಸಾರದಲ್ಲಿ, ಎಂಥೆಂಥ ಜಗಳದಲ್ಲಿಯೂ, ಈ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಹೋಗಲು ಊರೇ ಇರಲಿಲ್ಲ, ಪಾಪ. ಸಿಟ್ಟು ಬಂದರೆ ಅಡುಗೆಮನೆಯಿಂದ ಪಡಸಾಲೆಗೆ ಬರುತ್ತಿದ್ದಳು, ಅಷ್ಟೇ. ಈಗ ಅವಳು ಅದನ್ನು ಎಷ್ಟು ಸರಾಗವಾಗಿ ಅಂದಳೆಂದರೆ, ನನಗೆ ಸಿಟ್ಟು ಬರುವ ಬದಲು ಒಳಗೇ ಸಂತೋಷವಾಯಿತು. ಮರುದಿನ ಅವಳು ನಿಜವಾಗಿಯೂ ಬಬಲೇಶ್ವರದ ಬಸ್ಸು ಹತ್ತಿದಳು. ನನ್ನ ಸಂತೋಷ ನಾನೇ ರೊಟ್ಟಿ ಬಡಿಯಲು ಕೂತಾಗ ಇಳಿಯಿತು.

ಗುರುವಾರ ಎರಡು ಪಾಠ ಮುಗಿಸಿ ಮಾವನ ಮನೆಯ ಅಂಗಳಕ್ಕೆ ಹೋದೆ. ಹಿತ್ತಿಲ ಮನೆಯ ಬಾಗಿಲು ತೆರೆದಿತ್ತು. ಒಳಗೆ ಗುಡಿಸಿ ಸಾರಿಸಿ, ಆ ಪೂರ್ವದ ಕಿಟಕಿಯ ಕೆಳಗೆ ಒಂದು ಮಂಚ ಹಾಕಿ, ಮೇಲೆ ಕೌದಿ ಹಾಸಿದ್ದರು. ಹಸೀನಾ ಅಲ್ಲಿ ಕೂತು ಗೌರವ್ವ ಕಾಕುನ ಕುಪ್ಪಸಕ್ಕೆ ಕೈ ಹೊಲಿಗೆ ಹಾಕುತ್ತಿದ್ದಳು. ಆ ಮನೆಗೆ ಇನ್ನೂ ಬಾಡಿಗೆದಾರರು ಬಂದಿರಲಿಲ್ಲವೇ ಎಂದು ಕಾಕಾನನ್ನು ಕೇಳಿದೆ. ‘ಬಂದಿದ್ರು, ಇಬ್ರು ಮೂವರು. ಇಲ್ಲಂದ್ನಿ. ಮಗಳು ಬಂದ್ರ ಎಲ್ಲಿ ಮಲಗಬೇಕು?’ ಎಂದರು. ಆಮೇಲೆ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ‘ಅದಿರಲಿ. ಮಳ್ಯಾಗ ಆಕಿ ಹಗ್ಗಾ ಜಗ್ಗೂ ಹೊತ್ತಿನ್ಯಾಗ ನೀವು ಎಲ್ಲಿದ್ರಿ?’ ಎಂದು ಕೇಳಿದರು. ವಿಚಾರಣೆ ಶನಿವಾರದ ತನಕ ನಡೆಯಿತು. ಶನಿವಾರ ಕಾಕು ಮತ್ತೆ ಉಡಿ ತುಂಬಿ ಮಗಳನ್ನು ಕಳಿಸಿಕೊಟ್ಟರು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಖಡಕ್ ರೊಟ್ಟಿಯ ಗಂಟು, ಅರ್ಧ ಚೀಲ ಜೋಳ. ಜೋಳ ಹೊತ್ತವನು ಯಾರೆಂದು ಹೇಳಬೇಕಾಗಿಲ್ಲ.

ಟಿಕೋಟಾಕ್ಕೆ ಬಂದರೆ ಬೇರೆ ಅಪಾಯ ಕಾದಿತ್ತು. ಹಸೀನಾ ತಾಡಪತ್ರಿ ಹಿಡಿದು ಒಂದು ಶೆಡ್ಡು ಉಳಿಸಿದ್ದಳಲ್ಲ, ಚಾಚಾನ ಹೆಂಡತಿ ಬೀಬಿಜಾನ ಚಾಚಿ ಅವಳನ್ನು ಬೇಟಿ ಎಂದು ಕರೆಯತೊಡಗಿದ್ದರು. ಮೊದಲ ದಿನ ಒಂದು ಬಟ್ಟಲು ಖೀರು ಬಂತು. ಎರಡನೆಯ ದಿನ ಒಳ್ಳೆಯ ಮಣೂಕದ ಡಬ್ಬಿ. ಮೂರನೆಯ ದಿನ ಹಸಿರು ಬಳೆ ತೊಡಿಸಲು ಬಳೆಗಾರ್ತಿಯನ್ನೇ ಕರೆಸಿದರು. ಹಸೀನಾ ಕೈ ಮುಂದೆ ಮಾಡಿ ನಗುತ್ತ ಕೂತಿದ್ದಳು. ನಾನು ಬಾಗಿಲ ಸಂದಿಯಿಂದ ನೋಡಿ ಬೆವರಿದೆ. ಇಲ್ಲಿಯೂ ಮಗಳಾದರೆ ನಾವು ಇರುವುದೆಲ್ಲಿ? ಈ ತಾಲ್ಲೂಕಿನಲ್ಲಿಯೂ ಆ ತಾಲ್ಲೂಕಿನಲ್ಲಿಯೂ ಮನೆ ಅಳಿಯ ಎನ್ನಿಸಿಕೊಂಡು ಮತ್ತೆ ವಿಜಯಪುರಕ್ಕೆ ಯಾವ ಮುಖ ಹೊತ್ತು ಹೋಗಲಿ? ಅಂದಿನಿಂದ ತಿಂಗಳು ಹುಟ್ಟುವುದರೊಳಗೆ ಬಾಡಿಗೆ ಕೊಟ್ಟುಬಿಡುವ ಅಭ್ಯಾಸ ಮಾಡಿಕೊಂಡೆ. ಚಾಚಾ ಎದುರಿಗೆ ಬಂದು ಉರ್ದುವಿನಲ್ಲಿ ಕ್ಷೇಮ ವಿಚಾರಿಸಿದರೆ ನಾನು ಕನ್ನಡದಲ್ಲಿಯೇ ಉತ್ತರ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದೆ.

ಮೊನ್ನೆ ಸೋಮವಾರ ಸಂಜೆ ಅವರು ಬಾಗಿಲಲ್ಲಿ ಬಂದು ನಿಂತರು. ನೆಲ ನೋಡಿದರು, ಆಕಾಶ ನೋಡಿದರು. ‘ಸರ, ತಪ್ಪ ತಿಳಕೋಬ್ಯಾಡ್ರಿ’ ಎಂದರು, ಅಚ್ಚ ಕನ್ನಡದಲ್ಲಿ. ‘ಬರೂ ತಿಂಗಳಿಂದ ಬಾಡಿಗಿ ಸ್ವಲ್ಪ ಜಾಸ್ತಿ ಮಾಡಬೇಕಾಗೇತಿ.’

ನಾನು ಎದ್ದುಹೋಗಿ ಅವರ ಎರಡೂ ಕೈ ಹಿಡಿದುಕೊಂಡೆ. ‘ಮಾಡ್ರಿ ಚಾಚಾ. ಭಾಳ ಛಲೋ ಆತು’ ಎಂದೆ. ಕಣ್ಣು ತುಂಬಿ ಬಂದಿತ್ತು. ಚೌಕಾಸಿಗೆ ಸಿದ್ಧರಾಗಿ ಬಂದಿದ್ದ ಅವರು ನನ್ನ ಮುಖ ನೋಡಿ ಗಾಬರಿಯಾದರು. ‘ಆರಾಮ ಅದೀರಿಲ್ಲೋ ಸರ?’ ಎಂದು ಕೇಳಿ, ಕೈ ಬಿಡಿಸಿಕೊಂಡು ಹೋದರು.

ಒಳಗೆ ಹೊಲಿಗೆ ಮಷೀನಿನ ಸದ್ದು ನಿಂತಿತು. ಹಸೀನಾ ನನ್ನನ್ನು ಏನೂ ಕೇಳಲಿಲ್ಲ. ಫೋನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ಇಷ್ಟು ದಿನ ಈರಪ್ಪ ಕಾಕಾನನ್ನು ಅವಳೂ ನನ್ನ ಹಾಗೆ ಕಾಕಾ ಎಂದೇ ಕರೆಯುತ್ತಿದ್ದಳು. ಈ ಸಲ ‘ಅಪ್ಪಾ’ ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು. ‘ಅಪ್ಪಾ, ಇವರಿಗೆ ಬಾಡಿಗಿ ಜಾಸ್ತಿ ಅಂದ್ರ ಕೈ ಹಿಡಕೊಂಡು ಹೂಂ ಅಂದಾರ. ಗುರುವಾರ ಅಲ್ಲಿಗೇ ಬರತಾರಲ್ಲ, ನೀವ ಒಂದ ಮಾತ ಕೇಳ್ರಿ.’

ಏನು ಹೇಳಬೇಕೆಂದು ಎರಡು ದಿನದಿಂದ ವಿಚಾರ ಮಾಡುತ್ತಿದ್ದೇನೆ. ಇವತ್ತು ಬುಧವಾರ.